ಶಿಲುಬೆ ಹಾಕದ ಕಾಗದ

ಸೂರ್, ಒಮಾನ್
7 ಆಗಸ್ಟ್ 2025

ಪ್ರೀತಿಯ ಜೊವಿ,

ಈಗ ಸಂಜೆ ಐದೂವರೆ. ರಜೆ ಮುಗಿದು ಶಾಲೆ ತೆರೆದು ಇವತ್ತಿಗೆ ಮೂರು ದಿನ. ಎಲ್‌ಕೆಜಿಯ ಇಬ್ಬರು ಗೇಟಿನಲ್ಲೇ ಬಿದ್ದು ಹೊರಳಾಡಿ ಅತ್ತರು. ಎತ್ತಿಕೊಳ್ಳಲು ಹೋದಾಗ ಒಬ್ಬಳು ನನ್ನ ಕೈ ಕಚ್ಚಿದಳು. ಮಧ್ಯಾಹ್ನ ಮೇಲಿನ ಮಹಡಿಯ ಎ.ಸಿ. ಕೆಟ್ಟಿತು. ನಾವು ನಾಲ್ಕು ಆಯಾಗಳು ಸೇರಿ ಮಕ್ಕಳನ್ನೆಲ್ಲ ಕೆಳಗಿಳಿಸಿದೆವು. ಹೊರಡುವ ಹೊತ್ತಿಗೆ ಆಫೀಸಿನವರು ನಿನ್ನ ಪತ್ರ ಕೊಟ್ಟರು. ಬಸ್ಸಿನಲ್ಲಿ ಓದಲಿಲ್ಲ. ಮನೆಗೆ ಬಂದು ಮುಖ ತೊಳೆದು, ಪಪ್ಪನ ಫೋಟೊದ ಮುಂದೆ ಮೇಣದ ಬತ್ತಿ ಹಚ್ಚಿ, ಆಮೇಲೆ ಓದಿದೆ.

ಪಪ್ಪ ಹೋಗಿ ಹದಿನಾರು ತಿಂಗಳಾಯಿತು. ಇದು ನಿನ್ನ ಮೊದಲ ಪತ್ರ. ಫೋನಿನಲ್ಲಿ ಐದು ನಿಮಿಷ ಮಾತಾಡಿದರೆ ನಾವಿಬ್ಬರೂ ಜಗಳಕ್ಕೆ ಬೀಳುತ್ತೇವೆ, ಅದಕ್ಕೆ ಬರೆಯುತ್ತಿದ್ದೇನೆ ಅಂದಿದ್ದೀ. ಸರಿ. ಆದರೆ ಬರೆದ ನಾಲ್ಕು ಪುಟದಲ್ಲಿ ಮೂರೂವರೆ ಪುಟ ನಿನ್ನ ಆಫೀಸಿನ ಮುದುಕನ ವಿಷಯ. ಉಳಿದ ಅರ್ಧ ಪುಟದಲ್ಲಿ, ಪಪ್ಪ ಸೈಟಿನ ಟಿಪ್ಪಣಿ ಬರೆದಿಡುತ್ತಿದ್ದ ಪಾಕೆಟ್ ಪುಸ್ತಕ ಕಳಿಸು ಎಂದು.

ನಿನ್ನ ಆ ಪ್ಯೊ ಯಾರು? ಕೊರಿಯಾದ ಪತ್ರಕರ್ತ ಅನ್ನುತ್ತೀ. ಸೌಲ್‌ನಲ್ಲಿ ಕೂತ ಎಪ್ಪತ್ತು ದಾಟಿದ ಪತ್ರಕರ್ತನಿಗೆ, ಇಲ್ಲಿ ಸೂರ್‌ನ ಟ್ಯಾಂಕ್ ಸೈಟಿನಲ್ಲಿ ಬೆಸುಗೆ ಪರೀಕ್ಷಿಸುತ್ತಿದ್ದ ಶಂಕರಪುರದ ಹೆರಾಲ್ಡ್ ಡಿಸೋಜನ ಪುಸ್ತಕ ಯಾಕೆ ಬೇಕು? ಟ್ಯಾಂಕ್ ಒಡೆದು ಎರಡೂವರೆ ವರ್ಷವಾಯಿತು. ಇಬ್ಬರು ಸತ್ತರು. ಕಂಪೆನಿ ವಿಚಾರಣೆ ಮಾಡಿ, ಸತ್ತ ವೆಲ್ಡರ್ ಫಕೀರಪ್ಪನದೇ ತಪ್ಪು ಎಂದು ಬರೆದು ಫೈಲು ಮುಚ್ಚಿತು. ಒಂದು ವರ್ಷ ಕಳೆದು ಪಪ್ಪನ ಎದೆ ನಿಂತಿತು. ಆ ಒಂದು ವರ್ಷ ಅವರು ನನ್ನ ಹತ್ತಿರ ಎಷ್ಟು ಮಾತಾಡಿದರೋ ಬೆರಳಲ್ಲಿ ಎಣಿಸಿ ಹೇಳಬಲ್ಲೆ.

ಪಾಕೆಟ್ ಪುಸ್ತಕ ಎಲ್ಲಿದೆಯೋ ನನಗೆ ಗೊತ್ತಿಲ್ಲ. ಸಾಮಾನು ಊರಿಗೆ ಕಳಿಸುವಾಗ ಹೋಗಿರಬೇಕು.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಮಮ್ಮಿ,
ರೋಸಲಿಂಡ್


ಸೌಲ್
24 ಆಗಸ್ಟ್ 2025

ಪ್ರೀತಿಯ ಮಮ್ಮಿ,

ನೀನು ಉತ್ತರ ಬರೆದದ್ದೇ ದೊಡ್ಡದು. ಪಪ್ಪನ ಮಣ್ಣಿಗೆ ನಾನು ಬರಲಿಲ್ಲ ಎಂಬ ಮಾತನ್ನು ನೀನು ಈ ಪತ್ರದಲ್ಲಿ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು. ವೀಸಾ ಬದಲಾಯಿಸಲು ಕೊಟ್ಟ ಪಾಸ್‌ಪೋರ್ಟ್ ಇಲ್ಲಿನ ಸರಕಾರಿ ಆಫೀಸಿನಲ್ಲಿ ಸಿಕ್ಕಿಕೊಂಡಿತ್ತು ಎಂದು ನೂರನೆಯ ಸಲ ಹೇಳುತ್ತಿದ್ದೆ, ನೀನು ನೂರನೆಯ ಸಲ ಸುಮ್ಮನಿರುತ್ತಿದ್ದೆ.

ಪ್ಯೊ ಸರ್ ಯಾರು ಎಂದು ಕೇಳಿದ್ದೀ. ಹೇಳುತ್ತೇನೆ.

ಪೂರ್ತಿ ಹೆಸರು ಪ್ಯೊ ದುಕ್-ಸು. ಅವರ ಅಪ್ಪ ಯುದ್ಧದ ಕಾಲದಲ್ಲಿ ಉತ್ತರ ಕೊರಿಯಾದಿಂದ ಓಡಿ ಬಂದವರು. ಅಮ್ಮ ಒಣಮೀನು ಮಾರುತ್ತಿದ್ದರು. ಇಪ್ಪತ್ತೆರಡನೆಯ ವಯಸ್ಸಿಗೆ ಒಂದು ಬಂದರಿನ ಊರಿನ ಪತ್ರಿಕೆ ಸೇರಿದರು. ಆಗ ಇಲ್ಲಿ ಸೈನ್ಯದವರ ಆಡಳಿತ. ಒಂದು ಯಾತ್ರಿಕರ ದೋಣಿ ಮುಳುಗಿತು. ಸತ್ತವರು ಹತ್ತೊಂಬತ್ತು ಎಂದಿತು ಸರಕಾರ. ಇವರು ಮೂರು ದಿನ ದಡದಲ್ಲಿ ನಡೆದು, ತೇಲಿ ಬಂದ ಚಪ್ಪಲಿ ಬೂಟುಗಳನ್ನು ಜೋಡಿ ಮಾಡಿ ಎಣಿಸಿದರು. ಐವತ್ತಮೂರು ಜೋಡಿ. ಹಾಗೇ ಬರೆದರು. ಪೊಲೀಸರು ಒಂಬತ್ತು ದಿನ ಒಳಗೆ ಹಾಕಿ ಹೊಡೆದರು. ಎಡಗಿವಿ ಇವತ್ತಿಗೂ ಕೇಳುವುದಿಲ್ಲ. ನಾನು ಸದಾ ಬಲಕ್ಕೆ ನಿಂತು ಮಾತಾಡುತ್ತೇನೆ.

ಆಗ ಕಾಲೇಜಿನ ಹುಡುಗರಿಗೆಲ್ಲ ಅವರು ವೀರ. ಹತ್ತು ವರ್ಷದ ಮೇಲೆ ಅದೇ ಹುಡುಗರ ಮುಖಂಡರಲ್ಲಿ ಕೆಲವರು ಉತ್ತರದವರ ಮಾತು ಕೇಳಿ ನಡೆಯುತ್ತಾರೆ ಎಂದು ಬರೆದರು. ಗೆಳೆಯರೆಲ್ಲ ಬಿಟ್ಟುಹೋದರು. ಅಂದಿನಿಂದ ಅವರು ಬಲಪಕ್ಷದ ಕಡೆಯವರು. ಯೂನಿಯನ್ ಎಂದರೆ ಆಗುವುದಿಲ್ಲ, ಎಡಪಕ್ಷ ಎಂದರೆ ಆಗುವುದಿಲ್ಲ, ದೇಶ, ಸೈನ್ಯ, ಚರ್ಚು ಇಷ್ಟೇ. ಅವರ ಚರ್ಚಿನಲ್ಲಿ ಹಿರಿಯರು. ದಿನಾ ಬೆಳಗ್ಗೆ ಐದಕ್ಕೆ ಪ್ರಾರ್ಥನೆಗೆ ಹೋಗುತ್ತಾರೆ. ಈಗ ಪತ್ರಿಕೆಯಿಲ್ಲ, ಯೂಟ್ಯೂಬ್ ಚಾನೆಲ್ ಇದೆ. ಕನ್ನಡಕದ ಅಂಗಡಿಯ ಮೇಲೆ, ಮೂರನೆಯ ಮಹಡಿಯಲ್ಲಿ ಆಫೀಸು. ವಾರಕ್ಕೊಮ್ಮೆ ಯಾರಾದರೂ ಬಾಗಿಲಿಗೆ ಮೊಟ್ಟೆ ಹೊಡೆದು ಹೋಗುತ್ತಾರೆ. ಅದೇ ಬಾಗಿಲಿಗೆ ಇನ್ಯಾರೋ ಅಭಿಮಾನದಿಂದ ಜಿನ್ಸೆಂಗ್ ಬೇರಿನ ಡಬ್ಬ ತಂದಿಡುತ್ತಾರೆ. ಮೊಟ್ಟೆ ಒರೆಸುವುದೂ ಡಬ್ಬ ಒಳಗಿಡುವುದೂ ನನ್ನ ಕೆಲಸ. ಅದು ಬಿಟ್ಟರೆ ಇಂಗ್ಲಿಷ್ ಕಾಗದಗಳ ಅನುವಾದ.

ಸೂರ್‌ನ ಸೈಟಿನ ವಿಷಯ ಅವರಿಗೆ ಬಂದದ್ದು ನನ್ನಿಂದಲ್ಲ. ಆ ಕಂಪೆನಿ ಕೊರಿಯಾದ್ದೇ, ಆಗ ಅಲ್ಲಿ ಮ್ಯಾನೇಜರ್ ಆಗಿದ್ದವನು ಈಗಿನ ಎಡಪಕ್ಷದ ಮುಖಂಡನೊಬ್ಬನ ಭಾವ. ಯಾರೋ ಒಂದು ಪೆಟ್ಟಿಗೆ ಕಾಗದ ಕಳಿಸಿದರು. ಅನುವಾದಕ್ಕೆ ನನ್ನ ಮೇಜಿಗೆ ಬಂತು. ತೆಗೆದರೆ ಪಪ್ಪನ ಸಹಿ. ಮಮ್ಮಿ, ನಾನು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ಅವರದೊಂದು ನಿಯಮವಿದೆ. ಮೂರು ಬೇರೆ ಬೇರೆ ಕಾಗದ ಒಂದೇ ಮಾತು ಹೇಳುವವರೆಗೆ ಹೊರಗೆ ಬಿಡುವುದಿಲ್ಲ. ಪಪ್ಪನ ಪುಸ್ತಕ ಮೂರನೆಯದಾಗುತ್ತದೆ. ಸರಿಯಾಗಿ ಹುಡುಕು.

ನಿನ್ನ ಜೊವಿಟಾ


ಸೂರ್
12 ಸೆಪ್ಟೆಂಬರ್ 2025

ಪ್ರೀತಿಯ ಜೊವಿ,

ಬೆಳಗ್ಗೆ ಹತ್ತು ಗಂಟೆ. ಶುಕ್ರವಾರ. ಬಟ್ಟೆ ಒಗೆದು ಹರವಿದೆ. ಸೆಕೆಗೆ ನೀರು ಹಿಂಡುವುದರೊಳಗೆ ಅರ್ಧ ಒಣಗಿತ್ತು. ಪಪ್ಪನ ಸೈಟ್ ಬೂಟು ಇನ್ನೂ ಬಾಲ್ಕನಿಯಲ್ಲೇ ಇದೆ. ಒರೆಸಿ ಮತ್ತೆ ಅಲ್ಲೇ ಇಟ್ಟೆ.

ಮೊದಲು ಒಂದು ಮಾತು. ನಿನ್ನ ಲಕೋಟೆಯ ಅಂಟು ಎರಡು ಸಲ ಹಚ್ಚಿದ ಹಾಗಿತ್ತು. ನಿನ್ನ ಪತ್ರಗಳನ್ನು ಆ ಮನುಷ್ಯ ಓದುತ್ತಾನೆಯೆ? ಅವನು ಹೇಳಿದ್ದನ್ನು ನೀನು ಬರೆಯುತ್ತೀಯೆ?

ಎರಡನೆಯದು. ಗ್ಲಾಡ್ವಿನ್ ಬಂದಿದ್ದ. ಪಪ್ಪನ ಜೊತೆ ಆಫೀಸಿನಲ್ಲಿದ್ದನಲ್ಲ, ಅವನೇ. ಪಪ್ಪ ಹೋದ ಮೇಲೆ ಈ ಮನೆಯ ಮೆಟ್ಟಿಲು ಹತ್ತದವನು ಹಲ್ವಾದ ಡಬ್ಬ ಹಿಡಿದುಕೊಂಡು ಬಂದ.

"ರೋಸಿ ಬಾಯಿ, ಹೇಗುಂಟು ಆರೋಗ್ಯ?" ಅಂದ, ಮೊದಲಿನ ಹಾಗೇ ಅಕ್ಕ ಎಂದು ಕರೆದು. ಇದೆ ಅಂದೆ. ಚಾ ಕುಡಿದ. ಕಪಾಟಿನ ಕಡೆ ನೋಡಿದ.

"ಹೆರಾಲ್ಡ್ ಬಾಬ್‌ನದ್ದು ಪಾಕೆಟ್ ಪುಸ್ತಕ ಎಂತದಾದ್ರೂ ಉಂಟಾ ಮನೆಯಲ್ಲಿ?"

"ಯಾಕೆ?"

"ಹಾಗೇ ಕೇಳಿದ್ದು ಮಾರಾಯ್ತಿ. ಕೊರಿಯಾದಲ್ಲಿ ಯಾರೋ ಹಳೇದೆಲ್ಲ ಕೆದಕ್ತಾ ಇದ್ದಾನಂತೆ. ಅರ್ಧ ದೇಶಕ್ಕೆ ಅವ ಸಂತ, ಅರ್ಧ ದೇಶಕ್ಕೆ ಸೈತಾನ. ನಮಗೆ ಯಾಕೆ? ಖಲಾಸ್ ಆದ ವಿಷಯ."

"ಖಲಾಸ್ ಆದದ್ದಾದರೆ ನೀನು ಯಾಕೆ ಹಲ್ವಾ ತಂದೆ?" ಅಂದೆ. ಅವನು ನಕ್ಕ. ಕಣ್ಣು ನಗಲಿಲ್ಲ. ಅವನ ಮಗಳ ಮದುವೆ ಡಿಸೆಂಬರಿಗಂತೆ. ಇನ್ನೂ ಅದೇ ಕಂಪೆನಿಯಲ್ಲಿದ್ದಾನೆ. ಅವನ ಮೇಲೆ ಸಿಟ್ಟು ಬರಲಿಲ್ಲ. ಆದರೆ ಅವನು ಹೋದ ಮೇಲೆ ಬಾಗಿಲಿಗೆ ಎರಡೂ ಚಿಲಕ ಹಾಕಿದೆ.

ನೋಡು, ಇಲ್ಲಿ ಒಬ್ಬ ಕೇಳುತ್ತಾನೆ, ಅಲ್ಲಿ ಒಬ್ಬ ಕೇಳುತ್ತಾನೆ. ಒಬ್ಬನಿಗೆ ಮುಚ್ಚಲು ಬೇಕು, ಒಬ್ಬನಿಗೆ ಬಿಚ್ಚಲು. ಸತ್ತವರು ಯಾರಿಗೂ ಬೇಡ.

ಚಪ್ಪಲಿ ಎಣಿಸಿದ ಕಥೆ ಓದಿದೆ. ಅದು ನಿಜವಾಗಿದ್ದರೆ ಅವನು ಒಂದು ಕಾಲಕ್ಕೆ ಒಳ್ಳೆಯ ಮನುಷ್ಯ. ಏಳನೆಯ ಕ್ಲಾಸು ಓದಿದ ನನಗೆ ರಾಜಕೀಯ ತಿಳಿಯದು. ಒಂದೇ ಪ್ರಶ್ನೆ ಕೇಳುತ್ತೇನೆ, ವಿಚಾರಿಸಿ ಬರೆ. ಐವತ್ತು ವರ್ಷ ಬರೆದಿದ್ದಾನಲ್ಲ, ಅಷ್ಟರಲ್ಲಿ ಒಂದು ಸಲವಾದರೂ ‘ನಾನು ತಪ್ಪಿದೆ’ ಎಂದು ಬರೆದಿದ್ದಾನೆಯೆ?

ನಿನ್ನ ಮಮ್ಮಿ,
ರೋಸಲಿಂಡ್


ಸೌಲ್
30 ಸೆಪ್ಟೆಂಬರ್ 2025

ಪ್ರೀತಿಯ ಮಮ್ಮಿ,

ಅಂಟು ಬಿಡಿಸಿ ಮತ್ತೆ ಹಚ್ಚಿದವಳು ನಾನೇ. ಫೋಟೊ ಇಡಲು ಮರೆತಿದ್ದೆ, ಬಿಚ್ಚಿದೆ, ನೋಡಿದರೆ ಫೋಟೊದಲ್ಲಿ ನಾನು ತುಂಬ ಬಡವಾಗಿ ಕಾಣುತ್ತಿದ್ದೆ, ನೀನು ಹೆದರುತ್ತೀ ಎಂದು ಹಾಗೇ ಮುಚ್ಚಿದೆ. ನೀನು ಪೊಲೀಸ್ ಆಗಬೇಕಿತ್ತು.

ನಿನ್ನ ಪ್ರಶ್ನೆಗೆ ಉತ್ತರ ಹುಡುಕಲು ಅವರ ಹಳೆಯ ಬರಹಗಳನ್ನೆಲ್ಲ ತೆಗೆದೆ. ಅವರು ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಇಡುವುದಿಲ್ಲ, ಪೋಸ್ಟ್‌ಕಾರ್ಡಿನಷ್ಟು ದೊಡ್ಡ ಕಾರ್ಡುಗಳಲ್ಲಿ ಬರೆದು ಮರದ ಡ್ರಾಯರುಗಳಲ್ಲಿ ಇಡುತ್ತಾರೆ. 2009ರ ಡ್ರಾಯರಿನಲ್ಲಿ ಒಬ್ಬ ಮೇಷ್ಟರಿದ್ದಾರೆ. ಉತ್ತರದವರಿಗೆ ಸುದ್ದಿ ಸಾಗಿಸುತ್ತಾನೆ ಎಂದು ಹೆಸರು ಹಾಕಿ ಬರೆದರು. ಸಾಗಿಸಿದ್ದು ಅದೇ ಹೆಸರಿನ ಬೇರೆ ಮನುಷ್ಯ. ಕೋರ್ಟಿನಲ್ಲಿ ಸೋತರು. ಪತ್ರಿಕೆ ಎರಡು ಸಾಲಿನ ವಿಷಾದ ಹಾಕಿತು. ಇವರು ಹಾಕಲಿಲ್ಲ. ಮೇಷ್ಟರು ಮತ್ತೆ ಶಾಲೆಗೆ ಹೋಗಲಿಲ್ಲ. ನಾಲ್ಕು ವರ್ಷದ ಮೇಲೆ ತೀರಿಕೊಂಡರು.

ನಾನು ಧೈರ್ಯ ಮಾಡಿ ಬಲಗಿವಿಗೆ ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. "ನನ್ನನ್ನು ದ್ವೇಷಿಸುವವರು ಆ ಒಂದು ಮಾತಿಗಾಗಿ ನಲವತ್ತು ವರ್ಷದಿಂದ ಕಾಯುತ್ತಿದ್ದಾರೆ. ಒಂದು ಕಡೆ ತಪ್ಪಿದೆ ಅಂದರೆ, ಆ ಐವತ್ತಮೂರು ಜೋಡಿ ಚಪ್ಪಲಿಯೂ ಸುಳ್ಳು ಅನ್ನುತ್ತಾರೆ" ಎಂದರು. ಸರಿ ಅನ್ನಿಸಲಿಲ್ಲ. ಆದರೆ ಒರೆಸಿದ ಕನ್ನಡಕವನ್ನೇ ಅವರು ಮತ್ತೆ ಮತ್ತೆ ಒರೆಸುತ್ತಿದ್ದರು, ಅದನ್ನೂ ಬರೆಯಬೇಕು ತಾನೆ?

ಈಗ ದೊಡ್ಡ ಸುದ್ದಿ ಕೇಳು. ಪೆಟ್ಟಿಗೆಯಲ್ಲಿ ಪಪ್ಪ ಬರೆದ ನಲವತ್ತೇಳು ಪರೀಕ್ಷಾ ಪತ್ರಗಳಿವೆ, ಬೆಸುಗೆಯ ಜೋಡಣೆ ಒಂದಕ್ಕೆ ಒಂದು. ಅವುಗಳಲ್ಲಿ, ಬಲಗಡೆ ಮೇಲಿನ ಮೂಲೆಯಲ್ಲಿ, ಸಾಸಿವೆಯಷ್ಟು ಸಣ್ಣ ಶಿಲುಬೆ. ನೆನಪಿದೆಯಲ್ಲ, ಅಂಗಡಿಯ ಚೀಟಿ ಬರೆದರೂ ಪಪ್ಪ ಮೊದಲು ಶಿಲುಬೆ ಹಾಕುತ್ತಿದ್ದರು. ಅಜ್ಜಿ ಕಲಿಸಿದ್ದು. ನಲವತ್ತಾರರಲ್ಲಿ ಶಿಲುಬೆ ಇದೆ. ಒಂದರಲ್ಲಿ ಇಲ್ಲ. ಮೂರನೆಯ ಟ್ಯಾಂಕ್, ಹದಿನೇಳನೆಯ ಜೋಡಣೆ. ಒಡೆದದ್ದು ಅದೇ. ‘ಎಕ್ಸ್‌ರೇ ಮಾಡಿ ನೋಡಲಾಗಿದೆ, ಸರಿಯಿದೆ’ ಎಂದು ಬರೆದು ಸಹಿ.

ಅದು ಪಪ್ಪ ಬರೆದದ್ದೇ ಅಲ್ಲ ಮಮ್ಮಿ! ಯಾರೋ ಅವರ ಸಹಿ ಹಾಕಿದ್ದಾರೆ. ಶಿಲುಬೆಯ ವಿಷಯ ಆ ಕಳ್ಳನಿಗೆ ಗೊತ್ತಿರಲಿಲ್ಲ.

ಪ್ಯೊ ಸರ್‌ಗೆ ಇನ್ನೂ ಹೇಳಿಲ್ಲ. ಮೊದಲು ನಿನಗೆ ಹೇಳಬೇಕು ಅನ್ನಿಸಿತು.

ನಿನ್ನ ಜೊವಿಟಾ


ಸೂರ್
16 ಅಕ್ಟೋಬರ್ 2025

ಜೊವಿ,

ಮಧ್ಯಾಹ್ನ ಮೂರು ಗಂಟೆ. ಇವತ್ತು ಶಾಲೆಯಲ್ಲಿ ಏನಾಯಿತೋ ನೆನಪಿಲ್ಲ. ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ.

ಶಿಲುಬೆಯ ವಿಷಯವನ್ನು ಅವನಿಗೆ ಹೇಳಬೇಡ. ಯಾರಿಗೂ ಹೇಳಬೇಡ. ಯಾಕೆ ಎಂದು ಕೇಳಬೇಡ. ನನಗೆ ಸ್ವಲ್ಪ ಸಮಯ ಬೇಕು ಬಾಯೆ, ನನ್ನ ಮಗಳೇ.

ಮಮ್ಮಿ


ಸೌಲ್
2 ನವೆಂಬರ್ 2025

ಪ್ರೀತಿಯ ಮಮ್ಮಿ,

ನಿನ್ನ ಪತ್ರ ಬರುವಷ್ಟರಲ್ಲಿ ತಡವಾಗಿತ್ತು. ಅಕ್ಟೋಬರ್ ಹದಿನೆಂಟಕ್ಕೆ ಅವರಿಗೆ ಹೇಳಿಬಿಟ್ಟಿದ್ದೆ. ತಡೆಯಲಾಗಲಿಲ್ಲ. ಅವರು ಆ ನಲವತ್ತೇಳು ಕಾಗದಗಳನ್ನು ನೆಲದ ಮೇಲೆ ಸಾಲಾಗಿ ಹರಡಿ, ಮೊಣಕಾಲೂರಿ ಒಂದೊಂದನ್ನೇ ಭೂತಗನ್ನಡಿಯಲ್ಲಿ ನೋಡಿದರು. ಕೊನೆಯದನ್ನು ನೋಡಿ ಹಾಗೇ ಕಣ್ಣುಮುಚ್ಚಿ ಪ್ರಾರ್ಥಿಸಿದರು. "ನಿನ್ನ ತಂದೆ ಸಾಕ್ಷಿ ಬಿಟ್ಟು ಹೋಗಿದ್ದಾರೆ" ಎಂದರು.

ಮೂರು ಕಾಗದದ ನಿಯಮ ಏನಾಯಿತು ಎಂದೆ. "ಇದೊಂದೇ ಮೂರಕ್ಕೆ ಸಮ" ಎಂದರು.

ಹೋದ ಶನಿವಾರ ಪ್ರಸಾರವಾಯಿತು. ಐದು ಲಕ್ಷ ಜನ ನೋಡಿದ್ದಾರೆ. ಹೆಸರು ‘ಶಿಲುಬೆಯ ಮನುಷ್ಯ’. ವೆಲ್ಡರ್ ಕೆಟ್ಟ ಬೆಸುಗೆ ಮಾಡಿದ, ಪಪ್ಪ ಸಹಿ ಹಾಕಲು ಒಪ್ಪಲಿಲ್ಲ, ಎಡಪಕ್ಷದವನ ಭಾವನಾದ ಮ್ಯಾನೇಜರ್ ಕಳ್ಳ ಸಹಿ ಹಾಕಿಸಿದ ಎಂದು. ಕೊನೆಗೆ ಪಪ್ಪನ ಫೋಟೊ, ಮದುವೆ ಕೋಟಿನಲ್ಲಿ ಇರುವುದು. ಕೆಳಗೆ ಜನ ಬರೆದದ್ದನ್ನು ಓದುತ್ತ ಅತ್ತೆ. ಗೊತ್ತಿಲ್ಲದ ದೇಶದ ಮುದುಕಿಯರು ಪಪ್ಪನಿಗಾಗಿ ಪ್ರಾರ್ಥಿಸುತ್ತಿದ್ದಾರೆ.

ಕನ್ನಡದ ಅಡಿಬರಹ ನಾನೇ ಬರೆದು ಹಾಕಿದೆ. ಮಸ್ಕತ್ತಿನ ಕನ್ನಡದವರ ಗ್ರೂಪುಗಳಿಗೆಲ್ಲ ಕಳಿಸಿದೆ. ನಿನ್ನನ್ನು ಇನ್ನು ಯಾರೂ ಓರೆಗಣ್ಣಿನಿಂದ ನೋಡಬಾರದು. ಪಪ್ಪನ ಹೆಸರು ಉಳಿಯಿತು ಮಮ್ಮಿ. ನೀನು ಯಾಕೆ ಬೇಡ ಅಂದೆ?

ನಿನ್ನ ಜೊವಿಟಾ


✝

ಸೂರ್
19 ಡಿಸೆಂಬರ್ 2025

ಪ್ರೀತಿಯ ಜೊವಿ,

ಬೆಳಗ್ಗೆ ಒಂಬತ್ತು ಗಂಟೆ. ಶುಕ್ರವಾರ. ದೋಣಿ ಕಟ್ಟುವ ಕಡೆಯಿಂದ ಸುತ್ತಿಗೆಯ ಸದ್ದಿಲ್ಲ. ಚಳಿ ಬಂದಿದೆ, ಕಿಟಕಿ ತೆರೆದು ಕೂತಿದ್ದೇನೆ. ಆರು ವಾರ ನಿನ್ನ ಫೋನನ್ನೂ ಎತ್ತಲಿಲ್ಲ. ಸಿಟ್ಟಿನಿಂದಲ್ಲ.

ನಮ್ಮ ಬೀದಿಯ ಮಹ್ರೂಫನ ಜೆರಾಕ್ಸ್ ಅಂಗಡಿಯಲ್ಲಿ ನಿನ್ನ ವಿಡಿಯೊ ನೋಡಿದೆ. ಅವನು ಫೋನ್ ನನ್ನ ಕಡೆ ತಿರುಗಿಸಿ, "ಆಂಟಿ, ಅಂಕಲ್ ಹೀರೊ ಆದ್ರು" ಅಂದ. ಪಪ್ಪನ ಫೋಟೊ ಬಂದಾಗ ಅಂಗಡಿಯಲ್ಲಿದ್ದ ನಾಲ್ಕು ಜನ ಎದ್ದು ನಿಂತರು. ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ, ಬಹಳ ಸಂತೋಷವಾಯಿತು. ಹಾಗೇ ಬಿಟ್ಟುಬಿಡೋಣ ಅನ್ನಿಸಿತು. ಗ್ಲಾಡ್ವಿನ್ ಕೂಡ ಫೋನ್ ಮಾಡಿ, "ಒಳ್ಳೇದಾಯ್ತು ಬಾಯಿ, ಇನ್ನು ಪುಸ್ತಕ ಗಿಸ್ತಕ ಎಂತದೂ ಬೇಡ" ಅಂದ. ಅವನ ದನಿಯಲ್ಲಿ ನೆಮ್ಮದಿ ಕೇಳಿ ನನ್ನ ನೆಮ್ಮದಿ ಹೋಯಿತು.

ಹೋದ ಭಾನುವಾರ ಪಾರವ್ವ ಫೋನ್ ಮಾಡಿದಳು. ಫಕೀರಪ್ಪನ ಹೆಂಡತಿ. ಬಾಗಲಕೋಟೆಯ ಆಚೆಯ ಊರಿನವಳು. ನೀನು ಕಳಿಸಿದ್ದು ಗ್ರೂಪಿನಿಂದ ಗ್ರೂಪಿಗೆ ಹೋಗಿ ಅವಳ ಊರಿಗೂ ತಲುಪಿದೆ.

"ಅಕ್ಕಾರ, ಚಲೋ ಅದೀರೇನ್ರಿ?" ಅಂದಳು. ಆಮೇಲೆ ವಿಷಯಕ್ಕೆ ಬಂದಳು. "ನಿಮ್ಮ ಮಗಳು ಬರದದ್ದಂತಲ್ರಿ ಅದು. ಓದಿ ಹೇಳಿದ್ರು. ನಮ್ಮ ಮನ್ಯಾವ್ರು ಹಂಗ ಕೆಲಸಾ ಕೆಡಸಾವ್ರಲ್ರಿ ಅಕ್ಕಾರ. ಗೇಟಿನ ಕಬ್ಬಿಣಾ ಬೆಸದ್ರೂ ಎಲ್ಲೆರ ಸೊಟ್ಟ ಆದ್ರ ಅವತ್ತ ಊಟಾ ಇಳೀತಿರಲಿಲ್ಲ ಅವರಿಗೆ."

ನಾನು ಹೂಂ ಅಂದೆ.

"ನಿಮ್ಮ ಮನ್ಯಾವ್ರು ಒಮ್ಮೆ ಫೋನ್ ಮಾಡಿದ್ರು ನನಗ. ಬಾಳ ಅತ್ರು. ‘ತಪ್ಪು ನಿನ್ನ ಗಂಡಂದಲ್ಲ ತಂಗಿ’ ಅಂದ್ರು. ಹಂಗಾರ ಯಾರ್ದ್ರೀ ಅಂತ ಕೇಳಿದೆ. ಫೋನ್ ಇಟ್ಟುಬಿಟ್ರು. ನಿಮಗರ ಗೊತ್ತೈತೇನ್ರಿ ಅಕ್ಕಾರ?"

ನನಗೆ ಗೊತ್ತಿತ್ತು ಜೊವಿ. ಗೊತ್ತಿಲ್ಲ ಅಂದೆ. ಆಮೇಲೆ ಐದು ದಿನ ನನಗೂ ಊಟ ಇಳಿಯಲಿಲ್ಲ.

ಈಗ ಕೇಳು. ನಿನಗೆ ಪಪ್ಪನ ಶಿಲುಬೆಯ ಅರ್ಧ ಮಾತ್ರ ಗೊತ್ತು. ಉಳಿದ ಅರ್ಧ ನನಗೆ ಗೊತ್ತು. ಮದುವೆಯಾದ ಮರುವರ್ಷ ಅವರು ಇಲ್ಲಿಗೆ ಬಂದು ಕೈ ಮುರಿದುಕೊಂಡರು. ಊರಿಗೆ ಒಂದೇ ಲಕೋಟೆಯಲ್ಲಿ ಎರಡು ಪತ್ರ ಬಂತು. ಅಜ್ಜಿಗೆ ಬರೆದದ್ದರಲ್ಲಿ ‘ಚೆನ್ನಾಗಿದ್ದೇನೆ, ಕೆಲಸ ಹಗುರ’ ಎಂದಿತ್ತು. ನನಗೆ ಬರೆದದ್ದರಲ್ಲಿ, ಕೈಗೆ ಪಟ್ಟಿ ಕಟ್ಟಿದೆ, ಜೊತೆಯವನ ಕೈಯಲ್ಲಿ ಬರೆಸುತ್ತಿದ್ದೇನೆ ಎಂದಿತ್ತು. ನನ್ನದರ ಮೇಲೆ ಎಡಗೈಯಲ್ಲಿ ಗೀಚಿದ ಶಿಲುಬೆ ಇತ್ತು. ಅಜ್ಜಿಯದರ ಮೇಲೆ ಇರಲಿಲ್ಲ. ರಜೆಗೆ ಬಂದಾಗ ಕೇಳಿದೆ. "ಶಿಲುಬೆಯ ಕೆಳಗೆ ಸುಳ್ಳು ಬರೆಯಬಾರದು ರೋಸಿ" ಅಂದರು. ನಾಲ್ಕನೆಯ ಕ್ಲಾಸಿನಲ್ಲಿ ನಿನಗೆ ಜ್ವರ ಎಂದು ರಜಾ ಅರ್ಜಿ ಬರೆದು, ಮಸ್ಕತ್ತಿಗೆ ಮದುವೆ ಊಟಕ್ಕೆ ಕರೆದುಕೊಂಡು ಹೋದದ್ದು ನೆನಪಿದೆಯೆ? ಆ ಅರ್ಜಿ ನಮ್ಮ ಶಾಲೆಯಲ್ಲಿ ನಿನ್ನ ಹಳೆಯ ಫೈಲಿನಲ್ಲಿ ಇನ್ನೂ ಇದೆ. ನೋಡಿದೆ. ಶಿಲುಬೆ ಇಲ್ಲ.

ಹದಿನೇಳನೆಯ ಜೋಡಣೆಯ ಕಾಗದಕ್ಕೆ ಪಪ್ಪನೇ ಸಹಿ ಮಾಡಿದ್ದು.

ಪಾಕೆಟ್ ಪುಸ್ತಕ ಊರಿಗೆ ಹೋಗಿಲ್ಲ. ಬಾಲ್ಕನಿಯಲ್ಲಿರುವ ಬಲಗಾಲಿನ ಬೂಟಿನೊಳಗಿದೆ. ಅವರೇ ಇಟ್ಟಿದ್ದರು. ಅವರು ತೀರಿಕೊಂಡ ವಾರವೇ ನನಗೆ ಸಿಕ್ಕಿತು. ಗೊತ್ತಿಲ್ಲ ಎಂದು ನಿನಗೆ ಬರೆದಾಗ ನನ್ನ ಪತ್ರಕ್ಕೆ ನಾನೂ ಶಿಲುಬೆ ಹಾಕಿರಲಿಲ್ಲ. ಆಮೇಲಿನ ಎರಡಕ್ಕೂ ಇಲ್ಲ. ನೀನು ಗಮನಿಸಲಿಲ್ಲ, ಇದಕ್ಕೆ ಹಾಕಿದ್ದೇನೆ.

ಅದರಲ್ಲಿ ಕೊಂಕಣಿಯಲ್ಲಿ ಬರೆದದ್ದು ಹೀಗಿದೆ: ‘9-2-2023. ಟ್ಯಾಂಕ್ ಮೂರು, ಜೋಡಣೆ ಹದಿನೇಳು. ಫಕೀರಪ್ಪ ತಾನಾಗಿ ಬಂದು ಹೇಳಿದ, ಕೆಳಗಿನ ಒಂದು ಮೊಳ ಸರಿ ಕೂತಿಲ್ಲ, ತೆಗೆದು ಮತ್ತೆ ಹಾಕುತ್ತೇನೆ ಎಂದು. ಮ್ಯಾನೇಜರಿಗೆ ಹೇಳಿದೆ. ಪರೀಕ್ಷೆಗೆ ನೀರು ತುಂಬುವ ದಿನ ಮುಂದೆ ಹೋಗುತ್ತದೆ, ಬೇಡ ಎಂದರು. ಎಕ್ಸ್‌ರೇ ಆಗಲಿಲ್ಲ. ಆಗಿದೆ ಎಂದು ಸಹಿ ಮಾಡಿದೆ. ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ.’ ಈ ಪುಟದ ಮೇಲೆ ಶಿಲುಬೆ ಇದೆ.

ಹನ್ನೆರಡು ದಿನದ ಮೇಲೆ ನೀರು ತುಂಬಿದರು. ಫಕೀರಪ್ಪ ಕೆಳಗೆ ನಿಂತಿದ್ದ. ತಾನು ಬೇಡ ಅಂದ ಕೆಲಸದ ಕೆಳಗೆ.

ಆ ಪುಟದ ಜೆರಾಕ್ಸ್ ಇದರ ಜೊತೆಗಿದೆ. ಮಹ್ರೂಫನ ಯಂತ್ರದ ಪಕ್ಕ ನಿಂತು ಮಾಡಿಸಿದೆ, ಸರಿಯಾಗಿ ಬರದ ಒಂದು ಪ್ರತಿಯನ್ನೂ ಅಲ್ಲಿ ಬಿಡದೆ ತಂದೆ. ಅಸಲು ಕಳಿಸುವುದಿಲ್ಲ. ನಿನ್ನ ಮೇಲೆ ನನಗೆ ನಂಬಿಕೆಯಿದೆ. ನಿನ್ನ ಆಫೀಸಿನ ಮೇಜಿನ ಮೇಲೆ ಇಲ್ಲ.

ಇದನ್ನು ಅವನಿಗೆ ತೋರಿಸು. ಅವನು ನಿನ್ನ ಪಪ್ಪನನ್ನು ಕೆಟ್ಟವನೆಂದು ಬರೆದಾನು ಎಂದು ಇಷ್ಟು ದಿನ ಹೆದರಿದ್ದೆ. ಅವನು ಒಳ್ಳೆಯವನೆಂದು ಬರೆದು ನನ್ನನ್ನು ಕೊಂದ. ಏನು ಮಾಡುತ್ತಾನೆ ನೋಡೋಣ.

ನಿನ್ನ ಮಮ್ಮಿ,
ರೋಸಲಿಂಡ್


✝

ಸೌಲ್
8 ಜನವರಿ 2026

ಮಮ್ಮಿ,

ನಿನ್ನ ಪತ್ರ ಬಂದ ದಿನ ಕೆಲಸಕ್ಕೆ ಹೋಗಲಿಲ್ಲ. ಕನ್ನಡದ ಅಡಿಬರಹದಲ್ಲಿ ‘ಬೇಜವಾಬ್ದಾರಿ ವೆಲ್ಡರ್’ ಎಂದು ಬರೆದದ್ದು ನಾನು. ಕೊರಿಯನ್ನಿನಲ್ಲಿ ಆ ವಿಶೇಷಣ ಇರಲೇ ಇಲ್ಲ. ಪಪ್ಪ ಇನ್ನೂ ಬೆಳ್ಳಗೆ ಕಾಣಲಿ ಎಂದು ನಾನೇ ಸೇರಿಸಿದ್ದೆ. ಇದನ್ನು ನಿನ್ನನ್ನು ಬಿಟ್ಟು ಇನ್ನಾರಿಗೂ ಹೇಳಿಲ್ಲ.

ಮರುದಿನ ಅವರ ಮುಂದೆ ಜೆರಾಕ್ಸ್ ಇಟ್ಟು ಸಾಲು ಸಾಲಾಗಿ ಅನುವಾದಿಸಿದೆ. ಮೊದಲು ಕೇಳಿದ್ದು, "ಇದನ್ನು ಇನ್ನು ಯಾರು ನೋಡಿದ್ದಾರೆ?" ಎಂದು. ನೀನು ಅಸಲು ಕಳಿಸದೇ ಇದ್ದದ್ದು ಒಳ್ಳೆಯದಾಯಿತು ಎಂದುಕೊಂಡೆ.

ಆಮೇಲೆ ಜೆರಾಕ್ಸನ್ನು ಮಡಚಿಟ್ಟು, "ನಿನ್ನ ತಾಯಿ ಸುಮ್ಮನಿರಬಹುದಿತ್ತು. ಯಾಕೆ ಇರಲಿಲ್ಲ?" ಎಂದರು. ಫಕೀರಪ್ಪನ ಹೆಂಡತಿ ಫೋನ್ ಮಾಡಿದ್ದಳು ಎಂದೆ. ಕೇಳಿಸಲಿಲ್ಲವೇನೋ, ನಾನು ಎಡಗಡೆ ನಿಂತಿದ್ದೆ. ಬಲಕ್ಕೆ ಬಂದು ಮತ್ತೆ ಹೇಳಿದೆ. "ಮೊದಲ ಸಲವೇ ಕೇಳಿಸಿತು" ಎಂದರು.

ಆಮೇಲೆ ಮೂರು ದಿನ ಅವರು ಆಫೀಸಿಗೆ ಬರಲಿಲ್ಲ. ನಾಲ್ಕನೆಯ ದಿನ ನೋಡಿದರೆ ಚಾನೆಲಿನಲ್ಲಿ ಆ ವಿಡಿಯೊ ಇಲ್ಲ. ಒಂದು ಸಾಲಿನ ವಿವರಣೆಯೂ ಇಲ್ಲ. ಜನ ಕೇಳುತ್ತಿದ್ದಾರೆ, ಎಡಪಕ್ಷದವರು ಬೆದರಿಸಿ ತೆಗೆಸಿದರಾ ಎಂದು. ಪ್ಯೊ ಸರ್ ಅಲ್ಲ ಎನ್ನುತ್ತಿಲ್ಲ. ಹೌದು ಎನ್ನುತ್ತಿಲ್ಲ.

ಸಂಜೆ ಆ ಹದಿನೇಳನೆಯ ಜೋಡಣೆಯ ಕಾಗದವನ್ನು ತಾವೇ ತಂದು ನನ್ನ ಮೇಜಿನ ಮೇಲಿಟ್ಟರು. ಜೊತೆಗೆ ಆ ಮೇಷ್ಟರ ಕಾರ್ಡುಗಳಿರುವ 2009ರ ಡ್ರಾಯರಿನ ಕೀಲಿ. ಯಾಕೆ ಕೊಟ್ಟರು ಎಂದು ನನಗೆ ಇನ್ನೂ ತಿಳಿದಿಲ್ಲ. ನಂಬಿ ಕೊಟ್ಟರೋ, ನನ್ನ ಬಾಯಿ ಕಟ್ಟಲು ಕೊಟ್ಟರೋ. ವೀಸಾ ಮಾರ್ಚ್‌ವರೆಗೆ ಇದೆ. ಅಲ್ಲಿಯವರೆಗೆ ಇಲ್ಲೇ ಇರುತ್ತೇನೆ.

ಹಳೆಯ ಗ್ರೂಪುಗಳಿಗೆಲ್ಲ ನಾನು ಬರೆದದ್ದು ತಪ್ಪು ಎಂದು ಬರೆದು ಹಾಕಿದೆ. ಹನ್ನೊಂದು ಜನ ಓದಿದರು. ಮೊದಲಿನದನ್ನು ಸಾವಿರ ಜನ ಓದಿದ್ದರು.

ಕಾಗದ ಈ ಪತ್ರದ ಜೊತೆ ಕಳಿಸುತ್ತಿದ್ದೇನೆ.

ನಿನ್ನ ಜೊವಿಟಾ


✝

ಸೂರ್
21 ಜನವರಿ 2026

ಪ್ರೀತಿಯ ಜೊವಿ,

ಸಂಜೆ ನಾಲ್ಕೂಮುಕ್ಕಾಲು. ಇವತ್ತು ಮಕ್ಕಳ ಓಟದ ಸ್ಪರ್ಧೆ ಇತ್ತು. ಆಗಸ್ಟಿನಲ್ಲಿ ನನ್ನ ಕೈ ಕಚ್ಚಿದವಳು ಮೂರನೆಯವಳಾಗಿ ಬಂದು, ಪದಕವನ್ನು ನನ್ನ ಕೊರಳಿಗೆ ಹಾಕಿದಳು. ನಾನು ಅದನ್ನು ಹಾಕಿಕೊಂಡೇ ಬಸ್ಸು ಹತ್ತಿದ್ದೆ, ಯಾರೂ ಹೇಳಲಿಲ್ಲ.

ನಿನ್ನ ಮುದುಕನ ವಿಷಯ ಯೋಚಿಸಿದೆ. ತೆಗೆದುಹಾಕುವುದು ಬೇರೆ, ತಪ್ಪಾಯಿತು ಅನ್ನುವುದು ಬೇರೆ. ಆದರೆ ನಾನು ಅವನಿಗೆ ಕಲ್ಲು ಹೊಡೆಯಲಾರೆ. ನಮ್ಮ ಮನೆಯ ಮನುಷ್ಯನೂ ಒಂದು ವರ್ಷ ತನ್ನ ತಪ್ಪನ್ನು ಬೂಟಿನೊಳಗೆ ಇಟ್ಟುಕೊಂಡೇ ಓಡಾಡಿದ. ಆ ಮುದುಕನ ಮೇಲೆ ನನಗಿನ್ನೂ ನಂಬಿಕೆಯಿಲ್ಲ. ಆ ಕೀಲಿ ಜೋಪಾನ. ಆ ಮೇಷ್ಟರಿಗೂ ಮನೆಯಲ್ಲಿ ಯಾರಾದರೂ ಇದ್ದಾರು.

ಗ್ಲಾಡ್ವಿನ್‌ಗೆ ನಾನೇ ಫೋನ್ ಮಾಡಿ ಹೇಳಿದೆ, ಪುಸ್ತಕ ಇದೆ, ಏನು ಮಾಡಬೇಕೆಂದೂ ನಿಶ್ಚಯಿಸಿದ್ದೇನೆ ಎಂದು. "ಬಾಯಿ, ಹೆರಾಲ್ಡ್ ಬಾಬ್‌ನ ಹೆಸರು ಹಾಳು ಮಾಡ್ತೀಯಾ ನೀನು?" ಅಂದ. "ಅವರೇ ಬರೆದಿಟ್ಟದ್ದು ಗ್ಲಾಡ್ವಿನ್, ನಾನಲ್ಲ" ಅಂದೆ. ಅವನು ಅಳುತ್ತಿದ್ದ ಹಾಗೆ ಕೇಳಿತು. ಟ್ಯಾಂಕ್ ಒಡೆದ ದಿನ ಅವನೂ ಸೈಟಿನಲ್ಲಿದ್ದ.

ನಿನ್ನೆ ಪಾರವ್ವನಿಗೆ ಪತ್ರ ಬರೆದೆ. ನಾಲ್ಕು ಸಲ ಬರೆದು ಹರಿದೆ. ಕೊನೆಗೆ ನಾಲ್ಕೇ ಸಾಲು ಉಳಿಯಿತು. ತಪ್ಪು ಯಾರದು ಎಂದು ನೀನು ಕೇಳಿದ್ದೆ, ನನ್ನ ಗಂಡನದು, ನನಗೆ ಗೊತ್ತಿದ್ದೂ ಗೊತ್ತಿಲ್ಲ ಅಂದೆ, ನಿನ್ನ ಗಂಡ ಸರಿಯಾಗಿಯೇ ಹೇಳಿದ್ದ, ಎಂದು. ಪಪ್ಪನ ಪುಸ್ತಕದ ಅಸಲನ್ನೂ, ನೀನು ಕಳಿಸಿದ ಶಿಲುಬೆಯಿಲ್ಲದ ಕಾಗದವನ್ನೂ ಜೊತೆಗಿಟ್ಟಿದ್ದೇನೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಅವಳು ಯಾರಿಗೆ ಬೇಕಾದರೂ ತೋರಿಸಬಹುದು. ಅವಳು ಏನು ಮಾಡಿದರೂ ಅದು ಅವಳ ಹಕ್ಕು.

ಬೂಟು ಒಳಗೆ ತಂದಿಟ್ಟೆ.

ಹೆಡ್ ಮಿಸ್‌ಗೆ ಎರಡು ಗಂಟೆಯ ರಜೆ ಕೇಳಿ ಅರ್ಜಿ ಕೊಟ್ಟೆ. ಕಾರಣದ ಜಾಗದಲ್ಲಿ, ಪೋಸ್ಟ್ ಆಫೀಸಿಗೆ ಹೋಗಲಿಕ್ಕಿದೆ ಎಂದೇ ಬರೆದೆ. ನಾಳೆ ಗುರುವಾರ. ಪೋಸ್ಟ್ ಆಫೀಸು ಎಂಟು ಗಂಟೆಗೆ ತೆರೆಯುತ್ತದೆ.

ನಿನ್ನ ಮಮ್ಮಿ,
ರೋಸಲಿಂಡ್